ಉಭಯ ಕುಶಲ



ಹಿಂದಿನ ಕಾಲದಲ್ಲಿ ದೂರದ ಊರಿನಲ್ಲಿರುವ ಬಂಧುಗಳಿಗೆ ಕಾಗದ ಬರೆಯುವಾಗ ನಮ್ಮ ಹಿರಿಯರು ಮೊದಲನೆಯ ಸಾಲಿನಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುವದು ವಾಡಿಕೆಯಾಗಿತ್ತು. ಇಲ್ಲಿಯೂ ಕ್ಷೇಮ, ಅಲ್ಲಿಯೂ ಕ್ಷೇಮ, ಇನ್ನು ಮುಂದಿನ ಸಮಾಚಾರವನ್ನು ತಿಳಿಸುತ್ತೇವೆ ಎಂಬದು ಅದರ ಭಾವವು. ಮನೆಯಲ್ಲಿ ದನ ಸತ್ತಿದ್ದರೂ, ಮಳೆಯು ಕೈಕೊಟ್ಟಿದ್ದರೂ ಆ ಮೊದಲನೆಯ ಸಾಲು ಮಾತ್ರ ಬದಲಾಗುತ್ತಿರಲಿಲ್ಲ. ಆದರೆ ಕಾಗದವನ್ನು ಒಡೆದು ಓದಿದವರು ಅಷ್ಟಕ್ಕೇ ಸಮಾಧಾನಪಟ್ಟು ಅದನ್ನು ಮಡಚಿ ಇಡುತ್ತಿರಲಿಲ್ಲ. ಕೂಡಲೇ ಎರಡನೆಯ ಸಾಲಿಗೆ ಕಣ್ಣು ಹಾಯಿಸುತ್ತಿದ್ದರು. ಯಾಕಂದರೆ ನಿಜವಾದ ಸಮಾಚಾರವು ಅಲ್ಲಿಂದ ಆರಂಭವಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಈಗ ಕಾಗದದ ಕಾಲವು ಕಳೆದುಹೋಯಿತು. ಹಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತ ತಾಯಿಯು ಬೆಂಗಳೂರಿನಲ್ಲಿರುವ ಮಗನ ಸ್ವರವನ್ನು ರಾತ್ರಿ ಒಂಭತ್ತು ಗಂಟೆಗೆ ಕೇಳಬಹುದು, ಮುಖವನ್ನೂ ನೋಡಬಹುದು. ‘ಉಂಡೆಯೇನಪ್ಪಾ?’ ‘ಉಂಡೆನವ್ವಾ; ನಿಮ್ಮದು?’ ‘ನಮ್ಮದೂ ಆಯಿತು.’ ‘ಎಲ್ಲರೂ ಆರಾಮ?’ ‘ಆರಾಮ.’ ಇಷ್ಟರಲ್ಲಿ ಮಾತು ಮುಗಿಯುತ್ತದೆ. ಹೀಗೆ ಹಿರಿಯರ ಕಾಗದದ ಮೊದಲನೆಯ ಸಾಲು ಮಾತ್ರ ಉಳಿದು, ಎರಡನೆಯ ಸಾಲು ಅನೇಕ ಮನೆಗಳಲ್ಲಿ ಇಲ್ಲದೆ ಹೋಗಿದೆ. ಎಷ್ಟೋ ದಿನ ಮಗನು ಉಂಡಿರುವದಿಲ್ಲ; ಮನೆಯವರು ಆರಾಮವಾಗಿರುವದೂ ಇಲ್ಲ.

ಪ್ರತಿ ವರುಷವೂ ಕಾಲೇಜಿನ ಪರೀಕ್ಷೆಗಳು ಮುಗಿದು ಫಲಿತಾಂಶವು ಬಂದ ಮೇಲೆ ನಮ್ಮ ಹಳ್ಳಿಗಳಿಂದ ಅನೇಕ ಯೌವನಸ್ಥರು ಗಂಟು ಕಟ್ಟಿಕೊಂಡು ಪಟ್ಟಣಗಳಿಗೆ ಹೊರಡುತ್ತಾರೆ. ಅವರು ಹೋಗುವದು ತಪ್ಪೆಂದು ನಾವು ಹೇಳುವದಿಲ್ಲ. ರೆಕ್ಕೆ ಬಲಿತ ಮರಿಯು ಗೂಡಿನಲ್ಲಿ ಕೂತಿದ್ದರೆ ಅದು ತಾಯಿಗೂ ಒಳ್ಳೇದಲ್ಲ, ಮರಿಗೂ ಒಳ್ಳೇದಲ್ಲ. ನಾವು ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯು ಬೇರೆ. ಅದೇನಂದರೆ, ಹೆತ್ತವರ ಮನಸ್ಸು ನೋಯಬಾರದೆಂದು ಮಗನು ಹೇಳುವ ಸುಳ್ಳು, ಮಗನ ಮನಸ್ಸು ನೋಯಬಾರದೆಂದು ಹೆತ್ತವರು ಹೇಳುವ ಸುಳ್ಳು, ಇವು ದೋಷವೋ, ಅಲ್ಲವೋ? ಪ್ರೀತಿಯಿಂದ ಹುಟ್ಟಿದ ಸುಳ್ಳಿಗೆ ಕ್ಷಮೆಯುಂಟೋ?

ಇದಕ್ಕೆ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ಇದು ಯಾವನೋ ಒಬ್ಬನ ಚರಿತ್ರೆಯಲ್ಲ. ಹಲವು ಮನೆಗಳಲ್ಲಿ ನಡೆಯುವಂಥಾದ್ದನ್ನು ಒಂದೇ ಮನೆಯಲ್ಲಿಟ್ಟು ಹೇಳುವದಾಗಿದೆ. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲೂಕಿನಲ್ಲಿ ಒಬ್ಬ ರೈತನಿದ್ದಾನೆಂದು ನೆನಸಿರಿ. ಮೂರು ಎಕರೆ ಹೊಲ, ಮಳೆಯನ್ನೇ ನಂಬಿದ ಗೋವಿನಜೋಳದ ಬೆಳೆ, ಒಂದು ಜೋಡಿ ಎತ್ತು, ಒಬ್ಬ ಮಗ, ಒಬ್ಬಳು ಮಗಳು. ಮಗನು ದಾವಣಗೆರೆಯ ಕಾಲೇಜೊಂದರಲ್ಲಿ ನಾಲ್ಕು ವರುಷ ಓದಿ ಇಂಜಿನಿಯರ್ ಪದವಿಯನ್ನು ಪಡೆದನು. ಆ ಓದಿಗಾಗಿ ಬ್ಯಾಂಕಿನಿಂದ ಸಾಲವನ್ನು ತೆಗೆದಿದ್ದರು. ಆ ವಂಶದಲ್ಲಿ ಪದವೀಧರನಾದವನು ಅವನೇ ಮೊದಲಿಗನು. ತಾಯಿಯು ರೊಟ್ಟಿಬುತ್ತಿಯನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಟ್ಟಳು. ತಂದೆಯು ರೈಲಿನ ವರೆಗೆ ಬಂದು ಕಳುಹಿಸಿದನು. ಮಗನು ಬೆಂಗಳೂರಿಗೆ ಹೋದನು.

ಅಲ್ಲಿ ಅವನಿಗೆ ಪಿ.ಜಿ. ಎಂದು ಕರೆಯುವ ವಸತಿಯೊಂದರಲ್ಲಿ ನಾಲ್ವರ ನಡುವೆ ಒಂದು ಮಂಚ ದೊರೆಯಿತು. ಕಾಲೇಜಿನಲ್ಲಿ ಗಂಟೆ ಹೊಡೆದರೆ ಪಾಠ, ಗಂಟೆ ಹೊಡೆದರೆ ಊಟ. ಇಲ್ಲಿಯಾದರೋ ಹೊಡೆಯುವ ಗಂಟೆಯೂ ಇಲ್ಲ, ಕರೆಯುವ ಮಾಸ್ತರರೂ ಇಲ್ಲ. ಎದ್ದರೆ ಯಾಕೆ ಎದ್ದೆ ಎಂದು ಕೇಳುವವರಿಲ್ಲ. ಮಲಗಿದರೆ ಯಾಕೆ ಮಲಗಿದೆ ಎಂದು ಕೇಳುವವರಿಲ್ಲ. ದಿನಕ್ಕೊಂದು ಕಚೇರಿಯ ಬಾಗಿಲಲ್ಲಿ ನಿಂತು, ‘ತಿಳಿಸುತ್ತೇವೆ’ ಎಂಬ ಮಾತನ್ನು ಕೇಳಿ ಹಿಂತಿರುಗುವದೇ ಅವನ ಕೆಲಸವಾಯಿತು.

ಈ ಕಷ್ಟವು ಅವನೊಬ್ಬನದೇ ಅಲ್ಲವೆಂದು ವಾಚಕರು ತಿಳಿಯಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ನಮ್ಮ ದೇಶದ ಪದವೀಧರ ಯೌವನಸ್ಥರಲ್ಲಿ ನಿರುದ್ಯೋಗವು ನೂರಕ್ಕೆ 29.1 ಇತ್ತು, ಓದುಬರಹ ಬಾರದ ಯೌವನಸ್ಥರಲ್ಲಿ ಅದು ನೂರಕ್ಕೆ 3.4 ಮಾತ್ರ. ಇದಕ್ಕೆ ಒಂದು ಕಾರಣವು ಸ್ಪಷ್ಟವಾಗಿದೆ. ಏನೂ ಇಲ್ಲದವನು ಸಿಕ್ಕಿದ ಕೂಲಿಗೆ ಈ ಹೊತ್ತೇ ಹೋಗದಿದ್ದರೆ ಈ ಹೊತ್ತೇ ಉಪವಾಸವಿರಬೇಕು. ಓದಿದವನೋ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಆದಕಾರಣ ಪದವಿ ಎಂಬದು ಬೀಜವೇ ಹೊರತು ರಾಶಿಯಲ್ಲ. ಬಿತ್ತಿದ ಮರುದಿನವೇ ಕಣಕ್ಕೆ ಗಾಡಿ ಹೂಡುವ ರೈತನು ಯಾರಿದ್ದಾನೆ? ಆದರೂ ಮಕ್ಕಳು ಪದವಿ ಪಡೆದ ಮರುದಿನವೇ ನಾವು ಸಂಬಳವನ್ನು ಎದುರುನೋಡುತ್ತೇವೆ.

ನಾಲ್ಕು ತಿಂಗಳಾದ ಮೇಲೆ ಈ ಮಗನು ಗೆಳೆಯನ ಮೋಟಾರು ಸೈಕಲನ್ನು ಬಾಡಿಗೆಗೆ ತೆಗೆದುಕೊಂಡು, ಹೋಟೆಲುಗಳಿಂದ ಮನೆಮನೆಗೆ ಊಟವನ್ನು ಮುಟ್ಟಿಸುವ ಕೆಲಸಕ್ಕೆ ಸೇರಿದನು. ಅದು ಪ್ರಾಮಾಣಿಕವಾದ ಕೆಲಸವೇ. ಆದರೆ ಮನೆಗೆ ಫೋನು ಮಾಡಿದಾಗ, ‘ಅಪ್ಪಾ, ಕಂಪನಿಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ ಇಪ್ಪತ್ತೈದು ಸಾವಿರ’ ಎಂದನು. ಕಂಪನಿ ಎಂಬ ಮಾತು ಪೂರಾ ಸುಳ್ಳಲ್ಲ. ಇಪ್ಪತ್ತೈದು ಸಾವಿರವೂ ಒಂದು ತಿಂಗಳಲ್ಲಿ ಬಂದದ್ದುಂಟು. ಆದರೆ ಪೆಟ್ರೋಲು, ಗಾಡಿಯ ಬಾಡಿಗೆ, ಮಂಚದ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವದು ಅದರ ನಾಲ್ಕನೆಯ ಒಂದು ಪಾಲೂ ಆಗಿರಲಿಲ್ಲ. ಅವನು ಯಾಕೆ ಹೀಗೆ ಹೇಳಿದನು? ಹಣಕ್ಕಾಗಿಯಲ್ಲ, ಮೋಸಕ್ಕಾಗಿಯೂ ಅಲ್ಲ. ತಂದೆಯ ಸ್ವರದಲ್ಲಿದ್ದ ಆಶೆಯನ್ನು ಮುರಿಯುವದಕ್ಕೆ ಅವನಿಗೆ ಧೈರ್ಯ ಬರಲಿಲ್ಲ, ಅಷ್ಟೇ.

ಇತ್ತ ತಂದೆಯೂ ಸುಮ್ಮನಿರಲಿಲ್ಲ. ಆ ವರುಷ ಮಳೆಯು ತಡವಾಗಿ ಗೋವಿನಜೋಳವು ಒಣಗಿತು. ಅವನು ಎತ್ತುಗಳನ್ನು ಸಂತೆಯಲ್ಲಿ ಮಾರಿದನು. ಆದರೆ ಮಗನು ಕೇಳಿದಾಗೆಲ್ಲಾ, ‘ಬೆಳೆ ಚಲೋ ಐತೋ ತಮ್ಮಾ, ನೀನು ಮನೆಯ ಚಿಂತೆ ಹಚ್ಚಿಕೊಳ್ಳಬೇಡ’ ಎಂದನು. ಇದೂ ಪ್ರೀತಿಯೇ.

ಈಗ ಈ ಎರಡು ಪ್ರೀತಿಗಳು ಏನು ಮಾಡಿದವೆಂದು ನೋಡಿರಿ. ಮಗನ ಸಂಬಳವನ್ನು ನಂಬಿ ತಂದೆಯು ಮಗಳ ಮದುವೆಯನ್ನು ಗೊತ್ತುಮಾಡಿ, ಎರಡು ಲಕ್ಷ ರೂಪಾಯಿಗಳನ್ನು ಬಡ್ಡಿಗೆ ತಂದನು. ಮನೆಯಲ್ಲಿ ಬೆಳೆ ಚೆನ್ನಾಗಿದೆಯೆಂದು ನಂಬಿ ಮಗನು, ದೊಡ್ಡ ಕೆಲಸ ಕೊಡಿಸುತ್ತೇನೆಂದ ಒಬ್ಬ ದಲ್ಲಾಳಿಗೆ ಸಾಲ ಮಾಡಿ ಐವತ್ತು ಸಾವಿರ ಕೊಟ್ಟನು. ಮನೆಯವರಿಗೆ ಸದ್ಯಕ್ಕೆ ತನ್ನ ಹಣ ಬೇಡವಲ್ಲಾ ಎಂದುಕೊಂಡನು. ದಲ್ಲಾಳಿಯು ಮಾಯವಾದನು. ತಂದೆಯು ನಿಜವನ್ನು ತಿಳಿದಿದ್ದರೆ ಆ ಎರಡು ಲಕ್ಷವನ್ನು ತರುತ್ತಿರಲಿಲ್ಲ. ಮಗನು ನಿಜವನ್ನು ತಿಳಿದಿದ್ದರೆ ಆ ಐವತ್ತು ಸಾವಿರವನ್ನು ಕೊಡುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುವದಕ್ಕೆ ಹೋಗಿ ಒಬ್ಬರನ್ನೊಬ್ಬರು ಬಾವಿಗೆ ನೂಕಿದರು.

ಇಲ್ಲಿ ಒಬ್ಬ ವಾಚಕನು ಎದ್ದು ಹೀಗೆ ಕೇಳಬಹುದು: ‘ಅಯ್ಯಾ, ನೀವು ಕೆಟ್ಟ ಫಲವಾದದ್ದನ್ನು ಮಾತ್ರ ಹೇಳುತ್ತೀರಿ. ಸಾಮಾನ್ಯವಾಗಿ ಇಂಥ ಸುಳ್ಳಿನಿಂದ ಏನೂ ಕೆಡುವದಿಲ್ಲ. ನೂರಾರು ಮೈಲಿ ದೂರದಲ್ಲಿರುವ ತಾಯಿಗೆ ನಾನು ಹಸಿದಿದ್ದೇನೆಂದು ಹೇಳಿ ಫಲವೇನು? ಅವಳು ಅನ್ನವನ್ನು ಕಳುಹಿಸಲಾರಳು. ನಿದ್ದೆಯನ್ನು ಮಾತ್ರ ಕಳಕೊಳ್ಳುವಳು. ತೀರಿಸಲಾಗದ ದುಃಖವನ್ನು ಇನ್ನೊಬ್ಬರ ಮೇಲೆ ಹೊರಿಸುವದು ಸತ್ಯವಲ್ಲ, ಸ್ವಾರ್ಥ.’ ಇದು ಹಗುರವಾದ ಮಾತಲ್ಲ. ಇದಕ್ಕೆ ಉತ್ತರ ಕೊಡಲೇಬೇಕು.

1797ರಲ್ಲಿ ಜರ್ಮನ್ ತತ್ವಜ್ಞಾನಿಯಾದ ಇಮ್ಮಾನುವೇಲ್ ಕಾಂಟನು, ಗೆಳೆಯನನ್ನು ಕೊಲ್ಲುವದಕ್ಕೆ ಹುಡುಕಿಕೊಂಡು ಬಂದ ಕೊಲೆಗಾರನಿಗೆ ಸಹ ಸುಳ್ಳು ಹೇಳಬಾರದೆಂದು ವಾದಿಸಿದನು. ಆ ಕಾಲದಿಂದ ಈ ವರೆಗೂ ಅನೇಕರು ಅದನ್ನು ಒಪ್ಪಿಲ್ಲ. ನಾವೂ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಬಾಗಿಲಲ್ಲಿ ನಿಂತಿರುವವನು ಕೊಲೆಗಾರನಲ್ಲ, ಹೆತ್ತ ತಾಯಿ. ಕೊಲೆಗಾರನು ನಮ್ಮ ಮಾತನ್ನು ಹಿಡಿದು ಹಾನಿಯನ್ನು ಮಾಡುವನು. ತಾಯಿಯು ನಮ್ಮ ಮಾತನ್ನು ಹಿಡಿದು ಬಾಳನ್ನು ಕಟ್ಟುವಳು. ಆಪ್ತರಿಗೆ ಆಡಿದ ಮಾತು ಗಾಳಿಗೆ ಹೋಗುವದಿಲ್ಲ. ಅವರು ಅದನ್ನು ಅಡಿಗಲ್ಲಾಗಿ ಇಟ್ಟು ಅದರ ಮೇಲೆ ಗೋಡೆಯನ್ನು ಎಬ್ಬಿಸುತ್ತಾರೆ. ಅಡಿಗಲ್ಲು ಮಣ್ಣಿನ ಹೆಂಟೆಯೆಂದು ಬಲ್ಲವನು ಸುಮ್ಮನಿದ್ದರೆ, ಗೋಡೆ ಬಿದ್ದ ದಿನ ‘ನಾನು ಪ್ರೀತಿಯಿಂದ ಸುಮ್ಮನಿದ್ದೆ’ ಎಂದರೆ ಆದೀತೇ?

ಎರಡನೆಯದಾಗಿ, ದುಃಖವನ್ನು ಹೊರುವದಕ್ಕೆ ಅವರಿಗೆ ಶಕ್ತಿಯಿಲ್ಲವೆಂದು ತೀರ್ಮಾನಿಸುವದಕ್ಕೆ ನಾವು ಯಾರು? ಬರಗಾಲವನ್ನು ಕಂಡವರು ಅವರು, ಸಾಲವನ್ನು ತೀರಿಸಿದವರು ಅವರು, ಹಸಿದ ಹೊಟ್ಟೆಯಲ್ಲಿ ನಮ್ಮನ್ನು ಎತ್ತಿಕೊಂಡವರು ಅವರು. ನಾಲ್ಕು ಪುಸ್ತಕ ಓದಿದ ಮಾತ್ರಕ್ಕೆ ನಾವು ಅವರನ್ನು ಎಳೆ ಮಕ್ಕಳಂತೆ ಎಣಿಸಿ ಸಿಹಿ ಮಾತಿನಿಂದ ಮಲಗಿಸುವದು ಗೌರವವಲ್ಲ. ತಾಯಿಯು ಅನ್ನವನ್ನು ಕಳುಹಿಸಲಾರಳು, ನಿಜ. ಆದರೆ ‘ತಿರುಗಿ ಬಾ, ಇಲ್ಲಿ ರೊಟ್ಟಿಯುಂಟು’ ಎಂದು ಹೇಳಬಲ್ಲಳು. ಆ ಒಂದು ಮಾತನ್ನು ಆಡುವ ಹಕ್ಕು ಅವಳಿಗುಂಟು. ಸುಳ್ಳು ಹೇಳಿದವನು ಅದನ್ನು ಅವಳ ಬಾಯಿಂದ ಕಿತ್ತುಕೊಂಡಿದ್ದಾನೆ.

ನಮ್ಮ ಕನ್ನಡ ನಾಡಿನಲ್ಲಿ ಪುಣ್ಯಕೋಟಿಯ ಕಥೆಯನ್ನು ಕೇಳದ ಮಗುವಿಲ್ಲ. ಹುಲಿಗೆ ಕೊಟ್ಟ ಮಾತಿಗಾಗಿ ಹಸುವು ತಿರುಗಿ ಹೋದದ್ದನ್ನು ನಾವೆಲ್ಲರೂ ಹೊಗಳುತ್ತೇವೆ. ಆದರೆ ಅದರಲ್ಲಿರುವ ಇನ್ನೊಂದು ಸತ್ಯವನ್ನು ನಾವು ಅಷ್ಟಾಗಿ ಗಮನಿಸುವದಿಲ್ಲ. ದೊಡ್ಡಿಗೆ ಬಂದ ತಾಯಿಯು ಕರುವಿಗೆ, ‘ಮೇಯುವದಕ್ಕೆ ಹೋಗಿ ಸಂಜೆಗೆ ಬರುತ್ತೇನೆ’ ಎಂದು ಹೇಳಬಹುದಾಗಿತ್ತು. ಕರುವು ಹಾಲು ಕುಡಿದು ಸುಖವಾಗಿ ಮಲಗುತ್ತಿತ್ತು. ಅವಳು ಹಾಗೆ ಹೇಳಲಿಲ್ಲ. ತಾನು ಹುಲಿಯ ಬಳಿಗೆ ಹೋಗುತ್ತೇನೆಂದು ಅದಕ್ಕೆ ತಿಳಿಸಿದಳು. ಕರುವಿನ ಅಳುವನ್ನು ಕೇಳಿದಳು. ಮಂದೆಯ ಬೇರೆ ಹಸುಗಳ ವಶಕ್ಕೆ ಅದನ್ನು ಒಪ್ಪಿಸಿದಳು. ಹುಲಿಗೆ ಹೇಳಿದ ಸತ್ಯಕ್ಕಿಂತ ಕರುವಿಗೆ ಹೇಳಿದ ಸತ್ಯವು ಕಷ್ಟವಾದದ್ದು. ಆದರೆ ಆ ಸತ್ಯವನ್ನು ಹೇಳಿದ್ದರಿಂದಲೇ ತಬ್ಬಲಿಯನ್ನು ನೋಡಿಕೊಳ್ಳುವವರು ಗೊತ್ತಾದರು. ಸುಳ್ಳು ಹೇಳಿ ಹೋಗಿದ್ದರೆ ಅದು ದೊಡ್ಡಿಯ ಬಾಗಿಲಲ್ಲಿ ದಾರಿ ನೋಡುತ್ತಾ ನಿಂತಿರುತ್ತಿತ್ತು.

ಇನ್ನು ಮನೆ ಬಿಟ್ಟು ಓದಲು ಹೋದ ಒಬ್ಬ ಯೌವನಸ್ಥನ ವಿಷಯ. ಮೋಹನದಾಸ ಗಾಂಧಿಯು 1888ರಲ್ಲಿ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ತಾಯಿಗೆ ವಚನ ಕೊಟ್ಟು ಲಂಡನಿಗೆ ಹೋದನು. ಆಗ ಅಲ್ಲಿದ್ದ ಹಿಂದೂದೇಶದ ವಿದ್ಯಾರ್ಥಿಗಳು ತಮಗೆ ಮದುವೆಯಾದದ್ದನ್ನು ಮರೆಮಾಡುತ್ತಿದ್ದರು; ಹೆಂಡತಿಯೂ ಒಬ್ಬ ಮಗನೂ ಇದ್ದ ಗಾಂಧಿಯು ಸಹ ಹಾಗೆಯೇ ಮಾಡಿದನು. ಅವನಲ್ಲಿ ದಯೆಯಿಟ್ಟ ಒಬ್ಬ ವೃದ್ಧ ಸ್ತ್ರೀಯು ಒಬ್ಬ ಕನ್ನಿಕೆಯ ಪರಿಚಯವನ್ನು ಮಾಡಿಸಿ, ಇಬ್ಬರೂ ಕೂತು ಮಾತಾಡುವಂತೆ ಮಾಡತೊಡಗಿದಳು. ಸುಳ್ಳಿನ ಮೇಲೆ ಗೋಡೆ ಏಳುತ್ತಿರುವದನ್ನು ಅವನು ಕಂಡನು. ತಡಮಾಡದೆ ಆ ಸ್ತ್ರೀಗೆ ಕಾಗದ ಬರೆದು, ತಾನು ಮದುವೆಯಾದವನು, ಮಗನುಳ್ಳವನು, ಹೇಳದೆ ಇದ್ದದ್ದು ತಪ್ಪು ಎಂದು ಒಪ್ಪಿಕೊಂಡನು. ಅವಳು ಕೋಪಿಸಿಕೊಳ್ಳಲಿಲ್ಲ, ಆ ಕನ್ನಿಕೆಯೂ ತಾನೂ ಬಹಳವಾಗಿ ನಕ್ಕೆವೆಂದೂ, ಮೊದಲಿನಂತೆ ಊಟಕ್ಕೆ ಬರಬೇಕೆಂದೂ ಉತ್ತರ ಬರೆದಳು.

ಅದೇ ಗಾಂಧಿಯು 1891ರಲ್ಲಿ ಬಾರಿಸ್ಟರನಾಗಿ ಬೊಂಬಾಯಿಯಲ್ಲಿ ಇಳಿದಾಗ, ತಾಯಿಯು ತೀರಿಹೋದಳೆಂಬ ಸುದ್ದಿಯನ್ನು ಕೇಳಿದನು. ಪರದೇಶದಲ್ಲಿರುವ ತಮ್ಮನಿಗೆ ದುಃಖವಾಗದಿರಲೆಂದು ಅಣ್ಣನು ಅದನ್ನು ಮರೆಮಾಡಿದ್ದನು. ತಂದೆಯು ಸತ್ತಾಗ ಆದದ್ದಕ್ಕಿಂತಲೂ ಹೆಚ್ಚಿನ ದುಃಖವು ಆಗ ಆಯಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಅಣ್ಣನನ್ನು ದೂರಲಿಲ್ಲ; ನಾವೂ ದೂರುವದಿಲ್ಲ. ಆದರೆ ಪದವಿಯನ್ನು ತಾಯಿಗೆ ತೋರಿಸಲು ಹಾತೊರೆಯುತ್ತಾ ಬಂದ ಮಗನು ಹಡಗಿನಲ್ಲಿ ಕಳೆದ ದಿನಗಳನ್ನು ನೆನಸಿರಿ. ಮರೆಮಾಡಿದ್ದರಿಂದ ದುಃಖವು ತಪ್ಪಲಿಲ್ಲ, ತಡವಾಯಿತು, ಅಷ್ಟೇ.

ಬಾರಿಸ್ಟರನಾದ ಮೇಲೆಯೂ ಅವನಿಗೆ ದಾರಿಯು ಸುಲಭವಾಗಿರಲಿಲ್ಲ. ಬೊಂಬಾಯಿಯಲ್ಲಿ ಮೊದಲನೆಯ ಮೊಕದ್ದಮೆಯಲ್ಲಿ ಎದ್ದು ನಿಂತವನಿಗೆ ಮಾತೇ ಹೊರಡಲಿಲ್ಲ. ತಿಂಗಳಿಗೆ 75 ರೂಪಾಯಿಯ ಮಾಸ್ತರಿಕೆಗೆ ಅರ್ಜಿ ಹಾಕಿದರೆ, ಬಿ.ಎ. ಆಗಿಲ್ಲವೆಂದು ಆ ಶಾಲೆಯವರು ತೆಗೆದುಕೊಳ್ಳಲಿಲ್ಲ. ಕಡೆಗೆ ಬೊಂಬಾಯಿಯ ಮನೆಯನ್ನು ಎತ್ತಿ ರಾಜಕೋಟೆಗೆ ಅಣ್ಣನ ಬಳಿಗೆ ಹೋಗಿ, ಅರ್ಜಿಗಳನ್ನು ಬರೆದುಕೊಡುವ ಕೆಲಸದಿಂದ ಹೊಟ್ಟೆ ಹೊರೆದನು. ಅಂಥವನು ಸೋತು ಮನೆಗೆ ತಿರುಗಿ ಬರಬಹುದಾದರೆ ನಮ್ಮ ಮಕ್ಕಳು ಬರಬಾರದೇ?

ಆದರೂ ಸತ್ಯವನ್ನು ಹೇಳುವದೆಂದರೆ ಪ್ರತಿಯೊಂದು ತಲೆನೋವನ್ನೂ ಡಂಗುರ ಹೊಡೆಯುವದಲ್ಲ. ಮೌನ ಬೇರೆ, ಸುಳ್ಳು ಬೇರೆ. ಒಂದು ದಿನ ಸಾರು ರುಚಿಯಾಗಲಿಲ್ಲ, ಒಂದು ದಿನ ಬಸ್ಸು ತಪ್ಪಿತು, ಮೇಲಿನವನು ಗದರಿಸಿದನು ಎಂಬ ಇವೆಲ್ಲಾ ಹೇಳದೆ ನುಂಗಿಕೊಂಡರೆ ದೋಷವಿಲ್ಲ, ಅದು ಪ್ರೌಢತನವೇ. ಹಾಗಾದರೆ ಯಾವದನ್ನು ಹೇಳಲೇಬೇಕು? ನಮ್ಮ ಬುದ್ಧಿಗೆ ತೋಚುವ ಅಳತೆಗೋಲು ಇದೊಂದೇ: ಯಾವ ಸಂಗತಿಯನ್ನು ನಂಬಿ ಇನ್ನೊಬ್ಬರು ಒಂದು ಹೆಜ್ಜೆ ಇಡುವರೋ, ಆ ಸಂಗತಿಯನ್ನು ಅವರು ಹೆಜ್ಜೆ ಇಡುವದಕ್ಕೆ ಮುಂಚೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಕೆಲಸ, ಸಂಬಳ, ಸಾಲ, ರೋಗ, ಬೆಳೆ, ಇವು ಆ ಬಗೆಯವು. ಸಾರಿನ ರುಚಿಯು ಆ ಬಗೆಯದಲ್ಲ.

ಮುಖ್ಯವಾಗಿ ವಿದ್ಯಾಭ್ಯಾಸದ ಸಾಲದ ವಿಷಯವನ್ನು ಮರೆಯಬಾರದು. ಆ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರುಷವಾದ ಮೇಲೆ ಆರಂಭವಾಗುತ್ತದೆ. ಆ ಪತ್ರದಲ್ಲಿ ಮಗನ ರುಜುವಿನೊಂದಿಗೆ ತಂದೆಯ ಅಥವಾ ತಾಯಿಯ ರುಜುವೂ ಇರುತ್ತದೆ, ಅವರೂ ಸಾಲಗಾರರೇ. ಹೀಗಿರುವದರಿಂದ ‘ನನ್ನ ಕಷ್ಟವು ನನಗಿರಲಿ’ ಎಂಬ ಮಾತು ನ್ಯಾಯದ ಪ್ರಕಾರವೂ ನಿಲ್ಲುವದಿಲ್ಲ. ಕಂತು ಕಟ್ಟಲಾಗದಿದ್ದರೆ ಅದು ತಪ್ಪುವದಕ್ಕೆ ಮುಂಚೆಯೇ ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ ಮಾತಾಡುವದು ಲೇಸು. ಇನ್ನೊಂದು ಮಾತು: ಕೆಲಸ ಕೊಡುವದಕ್ಕೆ ಮೊದಲೇ ಹಣ ಕೇಳುವವನು ಕೆಲಸ ಕೊಡುವವನಲ್ಲ. ಇಂಥವನು ಎದುರಾದಾಗ ಮನೆಯವರ ಕೂಡ ಒಂದು ಮಾತು ವಿಚಾರಿಸುವೆನೆಂದರೆ ಅರ್ಧ ಮೋಸವು ಅಲ್ಲಿಯೇ ತಪ್ಪುತ್ತದೆ.

ಈಗ ಹೆತ್ತವರಿಗೂ ಊರವರಿಗೂ ಒಂದು ಮಾತು. ಮಕ್ಕಳು ಯಾಕೆ ಸುಳ್ಳು ಹೇಳುತ್ತಾರೆ? ಸತ್ಯದ ಬೆಲೆಯನ್ನು ನಾವು ಏರಿಸಿದ್ದೇವೆ, ಅದಕ್ಕಾಗಿ. ಪಟ್ಟಣದಿಂದ ಬಂದವನು ಚಪ್ಪಲಿಯನ್ನು ಬಿಡುವದಕ್ಕೆ ಮುಂಚೆಯೇ ನಾಲ್ಕು ಜನರ ಮುಂದೆ ‘ಸಂಬಳ ಎಷ್ಟು?’ ಎಂದು ಕೇಳುತ್ತೇವೆ. ಇಂಥವನ ಮಗನು ಕಾರು ಕೊಂಡನೆಂದು ನಮ್ಮ ಮಗನ ಎದುರಿಗೆ ಹೇಳುತ್ತೇವೆ. ಓದಿದವನು ಹೊಲಕ್ಕೆ ಇಳಿದರೆ ‘ಓದಿದ್ದು ಇದಕ್ಕೋ?’ ಎಂದು ನಗುತ್ತೇವೆ. ಹೀಗೆ ಬಾಗಿಲನ್ನು ಮುಚ್ಚಿ ಅಗಳಿ ಹಾಕಿ, ಒಳಗೆ ಬರಲಿಲ್ಲವೆಂದು ಮಗನನ್ನು ಬೈದರೆ ಹೇಗೆ? ಊಟವನ್ನು ಹೊತ್ತು ಮುಟ್ಟಿಸುವದರಲ್ಲಿ ನಾಚಿಕೆಯೇನು? ಉತ್ತು ಬೆಳೆಯುವವರಾದ ನಾವೂ ಊರವರಿಗೆಲ್ಲಾ ಊಟವನ್ನು ಮುಟ್ಟಿಸುವವರೇ ಅಲ್ಲವೇ? ಮಗನು ಹೊರಡುವ ಹಿಂದಿನ ರಾತ್ರಿ ತಂದೆಯು ಅವನನ್ನು ಬಳಿಯಲ್ಲಿ ಕೂರಿಸಿಕೊಂಡು, ಮನೆಯ ಸಾಲ ಇಷ್ಟು, ಬರುವದು ಇಷ್ಟು ಎಂದು ಲೆಕ್ಕವನ್ನು ಬಿಚ್ಚಿ ತೋರಿಸಲಿ. ‘ಕೆಲಸ ಸಿಗದಿದ್ದರೂ ಈ ಬಾಗಿಲು ತೆರೆದಿರುತ್ತದೆ’ ಎಂದು ಬಾಯಿಬಿಟ್ಟು ಹೇಳಲಿ. ಮೊದಲು ಸತ್ಯ ಹೇಳುವವರು ಹಿರಿಯರಾಗಿರಲಿ, ಮಕ್ಕಳು ಹಿಂಬಾಲಿಸುವರು. ವಾರಕ್ಕೊಂದು ದಿನ, ಆದಿತ್ಯವಾರವಾದರೂ ಸರಿ, ಅವಸರವಿಲ್ಲದೆ ಮಾತಾಡುವ ವಾಡಿಕೆಯನ್ನು ಇಟ್ಟುಕೊಳ್ಳಲಿ.

ಆ ರೈತನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಓದು ಮುಗಿದು ಒಂದು ವರುಷವಾಯಿತು. ಕಂತು ಆರಂಭವಾಗಿ ಒಂದೆರಡು ತಪ್ಪಿದವು. ಬ್ಯಾಂಕಿನ ಕಾಗದವು ಹಳ್ಳಿಗೆ ಬಂತು. ತಂದೆಯು ಯಾರಿಗೂ ಹೇಳದೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕೇಳಿಕೊಂಡು ಕೇಳಿಕೊಂಡು ಆ ವಸತಿಯ ಬಾಗಿಲಲ್ಲಿ ಕೂತನು. ರಾತ್ರಿ ಹನ್ನೊಂದಕ್ಕೆ ಮಗನು ಬಂದನು. ಮೈಮೇಲೆ ಊಟ ಮುಟ್ಟಿಸುವವರ ಅಂಗಿ, ಬೆನ್ನ ಮೇಲೆ ದೊಡ್ಡ ಚೀಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೇಲೆ ಮಗನು ತಲೆ ತಗ್ಗಿಸಿ, ‘ಹೊತ್ತಾತು ಅಪ್ಪಾ. ಅಲ್ಲಿ ಎತ್ತುಗಳಿಗೆ ಮೇವು ಹಾಕುವವರು ಯಾರು?’ ಎಂದು ಕೇಳಿದನು. ಈಗ ತಲೆ ತಗ್ಗಿಸುವ ಸರದಿಯು ತಂದೆಯದಾಯಿತು.

ಅದರಿಂದ ಸಾಲವು ಕರಗಲಿಲ್ಲ, ಎತ್ತುಗಳು ತಿರುಗಿ ಬರಲಿಲ್ಲ. ಆದರೆ ಆ ರಾತ್ರಿ ಒಂದೇ ಮಂಚದ ಮೇಲೆ ಕೂತು, ಒಂದು ಹಾಳೆಯ ಮೇಲೆ ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಬರೆದರು. ಮರುದಿನ ಬೀಗರಿಗೆ ಇದ್ದ ಸಂಗತಿಯನ್ನು ತಿಳಿಸಿ ಮದುವೆಯನ್ನು ಮುಂದಕ್ಕೆ ಹಾಕುವದೆಂದೂ, ಬಡ್ಡಿಗೆ ತಂದದ್ದರಲ್ಲಿ ಉಳಿದಷ್ಟನ್ನು ತಿರುಗಿ ಕೊಡುವದೆಂದೂ, ಬ್ಯಾಂಕಿಗೆ ಇಬ್ಬರೂ ಹೋಗುವದೆಂದೂ ಗೊತ್ತುಮಾಡಿದರು. ಅಲ್ಲಿಯ ವರೆಗೆ ಇಬ್ಬರು ಬೇರೆ ಬೇರೆಯಾಗಿ ಹೊತ್ತಿದ್ದ ಮೂಟೆಯನ್ನು ಈಗ ಇಬ್ಬರು ಕೂಡಿ ಎತ್ತಿದರು. ಮೂಟೆಯ ತೂಕವು ಅಷ್ಟೇ. ಆದರೆ ಹೊರುವ ಹೆಗಲುಗಳು ಒಂದನ್ನೊಂದು ಕಂಡವು.

ಪ್ರಿಯರೇ, ಇಲ್ಲಿಯೂ ಕ್ಷೇಮ, ಅಲ್ಲಿಯೂ ಕ್ಷೇಮ ಎಂದು ಹೇಳಿದ ಮಾತ್ರಕ್ಕೆ ಉಭಯ ಕುಶಲವಾಗುವದಿಲ್ಲ. ಇಲ್ಲಿಯ ನಿಜವನ್ನು ಅಲ್ಲಿಯವರೂ ಅಲ್ಲಿಯ ನಿಜವನ್ನು ಇಲ್ಲಿಯವರೂ ಬಲ್ಲವರಾಗಿರುವದೇ ಉಭಯ ಕುಶಲವು. ಈ ರಾತ್ರಿ ನಿಮ್ಮ ಮನೆಯ ಫೋನು ಕೂಗಿದಾಗ ಮೊದಲನೆಯ ಸಾಲು ಮುಗಿದ ಮೇಲೆ ಸ್ವಲ್ಪ ತಡೆಯಿರಿ. ಎರಡನೆಯ ಸಾಲನ್ನು ಕೇಳಿರಿ, ಎರಡನೆಯ ಸಾಲನ್ನು ಹೇಳಿರಿ.